ಮಕ್ಕಳ ಸಂಧಿವಾತದಲ್ಲಿ ಬಿಳಿ ರಕ್ತಕಣಗಳ ಜೀನ್ ಚಟುವಟಿಕೆ: ಸಂಶೋಧನಾ ವರದಿಯನ್ನು ಓದುವುದು ಹೇಗೆ?

ಮಗುವಿಗೆ ಸಂಧಿವಾತ ಎಂದು ಗೊತ್ತಾದ ಮೇಲೆ ಹೆತ್ತವರು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗುತ್ತಾರೆ. ಓದುತ್ತ ಹೋದರೆ ಒಂದಲ್ಲ ಒಂದು ಕಡೆ "ಈ ಮಕ್ಕಳ ಬಿಳಿ ರಕ್ತಕಣಗಳಲ್ಲಿ ನೂರಾರು ಜೀನ್‌ಗಳ ಚಟುವಟಿಕೆ ಬದಲಾಗಿದೆ" ಎಂಬ ಮಾತು ಎದುರಾಗುತ್ತದೆ. ಓದಿದವರಿಗೆ ಭಯವೂ ಆಗಬಹುದು, ಆಸೆಯೂ ಹುಟ್ಟಬಹುದು. ಎರಡಕ್ಕೂ ಮೊದಲು ವರದಿಯಲ್ಲಿ ಏನೇನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂದು ತಿಳಿದಿದ್ದರೆ ಒಳ್ಳೆಯದು. ಈ ಲೇಖನ ಅದಕ್ಕಾಗಿ. ಜೀವಶಾಸ್ತ್ರದ ವಿದ್ಯಾರ್ಥಿಗಳಿಗೂ ಇದು ಉಪಯೋಗವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜೀನಿನ ಹೆಸರು ನೋಡುವ ಮುಂಚೆ ಟ್ಯೂಬಿನಲ್ಲಿ ಯಾವ ಕಣಗಳಿದ್ದವು ಎಂದು ಕೇಳಬೇಕು. ಉಳಿದದ್ದೆಲ್ಲ ಆಮೇಲೆ.

ಶುರು ಮಾಡುವ ಮುನ್ನ

ಜೀನ್ ಬೇರೆ, ಜೀನಿನ ಚಟುವಟಿಕೆ ಬೇರೆ. ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ. ಅದರಲ್ಲಿ ಪ್ರೋಟೀನ್ ತಯಾರಿಸಲು ಬೇಕಾದ ಜೀನ್‌ಗಳು ಸುಮಾರು 20,000. ಯಾವ ಕೋಶ ಯಾವ ಹೊತ್ತಿನಲ್ಲಿ ಯಾವ ಜೀನನ್ನು ಎಷ್ಟು ಬಳಸುತ್ತಿದೆ ಎಂಬುದು ಅದು ತಯಾರಿಸುವ ಆರ್‌ಎನ್‌ಎ ಪ್ರತಿಗಳಿಂದ ಗೊತ್ತಾಗುತ್ತದೆ. ವರದಿಗಳಲ್ಲಿ ಅಳೆಯುವುದು ಈ ಪ್ರತಿಗಳನ್ನು. ಹಾಗಾಗಿ "ಜೀನ್ ಚಟುವಟಿಕೆ ಹೆಚ್ಚಿದೆ" ಎಂದು ಓದಿದ ಕೂಡಲೇ ಕಾಯಿಲೆ ವಂಶದಿಂದ ಬಂದಿತು ಎಂದು ತೀರ್ಮಾನಿಸಬೇಡಿ. ಕೆಲವು ಬಗೆಯ ಸಂಧಿವಾತದೊಂದಿಗೆ ನಂಟಿರುವ ಎಚ್‌ಎಲ್‌ಎ-ಬಿ27 ಎಂಬ ಜೀನ್ ರೂಪ ಇದೆಯೇ ಇಲ್ಲವೇ ಎಂಬ ಪರೀಕ್ಷೆ ಹುಟ್ಟಿನಿಂದ ಬಂದ ಡಿಎನ್‌ಎಯನ್ನು ನೋಡುತ್ತದೆ, ಅದರ ಫಲಿತಾಂಶ ಜೀವಮಾನವಿಡೀ ಬದಲಾಗುವುದಿಲ್ಲ. ಆರ್‌ಎನ್‌ಎ ಪ್ರಮಾಣವಾದರೋ ಬೆಳಿಗ್ಗೆ ಒಂದು, ಸಂಜೆ ಒಂದು. ನೆಗಡಿ ಬಂದರೂ ಬದಲಾಗುತ್ತದೆ, ಒಂದು ಮಾತ್ರೆ ನುಂಗಿದರೂ ಬದಲಾಗುತ್ತದೆ.

ಹೆಜ್ಜೆ 1: ಯಾವ ಬಗೆಯ ಸಂಧಿವಾತ ಎಂದು ಗುರುತು ಹಾಕಿಕೊಳ್ಳಿ

16 ವರ್ಷ ತುಂಬುವ ಮುನ್ನ ಶುರುವಾಗಿ ಕನಿಷ್ಠ 6 ವಾರ ಉಳಿದ, ಬೇರೆ ಕಾರಣ ಕಾಣದ ಕೀಲಿನ ಉರಿಯೂತಕ್ಕೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆಐಎ ಎನ್ನುತ್ತಾರೆ. ಇದು ಒಂದೇ ಕಾಯಿಲೆಯಲ್ಲ, 7 ಬಗೆಗಳ ಗುಂಪು. ಮೊದಲ 6 ತಿಂಗಳಲ್ಲಿ 4 ಅಥವಾ ಅದಕ್ಕಿಂತ ಕಡಿಮೆ ಕೀಲುಗಳಿಗೆ ಬಂದರೆ ಆಲಿಗೋಆರ್ಟಿಕ್ಯುಲರ್. 5 ಅಥವಾ ಹೆಚ್ಚು ಕೀಲುಗಳಿಗೆ ಬಂದರೆ ಪಾಲಿಆರ್ಟಿಕ್ಯುಲರ್, ಅದರಲ್ಲೂ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಇರುವುದು ಒಂದು, ಇಲ್ಲದಿರುವುದು ಇನ್ನೊಂದು. ಜ್ವರ, ದದ್ದುಗಳ ಜೊತೆ ಇಡೀ ದೇಹವನ್ನು ಕಾಡುವುದು ಸಿಸ್ಟಮಿಕ್. ಸ್ನಾಯುರಜ್ಜು ಮೂಳೆಗೆ ಅಂಟುವ ಕಡೆ ಉರಿಯೂತ (ಎಂಥೆಸೈಟಿಸ್) ಬರುವುದು, ಸೋರಿಯಾಸಿಸ್ ಜೊತೆಗಿರುವುದು ಇನ್ನೆರಡು. ಯಾವ ಗುಂಪಿಗೂ ಸೇರದ್ದಕ್ಕೆ, ಎರಡು ಗುಂಪಿಗೆ ಸೇರುವಂಥದ್ದಕ್ಕೆ ಏಳನೆಯ ಹೆಸರು.

ಜೀನ್ ಚಟುವಟಿಕೆಯ ದೃಷ್ಟಿಯಿಂದ ಸಿಸ್ಟಮಿಕ್ ಬಗೆ ಉಳಿದವುಗಳಿಂದ ದೂರ ನಿಲ್ಲುತ್ತದೆ. ಅದರಲ್ಲಿ ಮೇಲುಗೈ ಜನ್ಮಜಾತ ರಕ್ಷಣೆಯದು, ಅಂದರೆ ನ್ಯೂಟ್ರೋಫಿಲ್, ಮೋನೋಸೈಟ್ ಎಂಬ ಬಿಳಿ ರಕ್ತಕಣಗಳದು. ಸಿಸ್ಟಮಿಕ್ ಮಕ್ಕಳ ಮೇಲೆ ನಡೆದ ಅಧ್ಯಯನವನ್ನು ಮಂಡಿ ಒಂದೇ ಊದಿದ ಮಗುವಿಗೆ ಅನ್ವಯಿಸಿ ಓದಿದರೆ ಗೊಂದಲವೇ ಸರಿ. "ಜೆಐಎ ರೋಗಿಗಳು" ಎಂದಷ್ಟೇ ಬರೆದು ಎಲ್ಲ ಬಗೆಗಳನ್ನೂ ಒಂದೇ ಬುಟ್ಟಿಗೆ ಹಾಕಿದ ವರದಿ ಸಿಕ್ಕರೆ ನಾನು ಅಲ್ಲಿಗೇ ಅರ್ಧ ನಂಬಿಕೆ ಕಳೆದುಕೊಳ್ಳುತ್ತೇನೆ. ಹಳೆಯ ವರದಿಗಳಲ್ಲಿ ಜುವೆನೈಲ್ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರಿರುತ್ತದೆ. ಅದರ ವರ್ಗೀಕರಣ ಸ್ವಲ್ಪ ಬೇರೆ.

ಹೆಜ್ಜೆ 2: ಟ್ಯೂಬಿನಲ್ಲಿ ಏನಿತ್ತು?

ಇದಕ್ಕೆ ಉತ್ತರ ವರದಿಯ ವಿಧಾನಗಳ ಭಾಗದಲ್ಲಿರುತ್ತದೆ. ಬಹಳ ಜನ ಹಾರಿಸಿ ಮುಂದೆ ಹೋಗುವ ಭಾಗ ಅದು. ನೀವು ಅಲ್ಲಿಗೇ ಮೊದಲು ಹೋಗಿ.

ಸಾಮಾನ್ಯವಾಗಿ ಮೂರು ಬಗೆ ಕಾಣುತ್ತೀರಿ. ಒಂದು, ಇಡೀ ರಕ್ತ. ಆರ್‌ಎನ್‌ಎ ಕೆಡದಂತೆ ಹಿಡಿದಿಡುವ ದ್ರಾವಣ ಮೊದಲೇ ತುಂಬಿದ ಟ್ಯೂಬಿಗೆ ರಕ್ತ ತೆಗೆದು ಹಾಗೇ ಶೈತ್ಯಕ್ಕೆ ಹಾಕುತ್ತಾರೆ. ಎರಡು, ಪಿಬಿಎಂಸಿ. ರಕ್ತವನ್ನು ಮಿಲಿಲೀಟರಿಗೆ 1.077 ಗ್ರಾಂ ಸಾಂದ್ರತೆಯ ದ್ರಾವಣದ ಮೇಲೆ ನಿಧಾನವಾಗಿ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣಗಳೂ ನ್ಯೂಟ್ರೋಫಿಲ್‌ಗಳೂ ತಳ ಸೇರುತ್ತವೆ. ನಡುವೆ ತೆಳುವಾದ ಮಸುಕು ಬಿಳಿ ಪದರವೊಂದು ತೇಲುತ್ತದೆ. ಲಿಂಫೋಸೈಟ್, ಮೋನೋಸೈಟ್‌ಗಳಿರುವ ಆ ಪದರವನ್ನು ಪಿಪೆಟ್ಟಿನಲ್ಲಿ ಎತ್ತಿಕೊಳ್ಳುವುದೇ ಪಿಬಿಎಂಸಿ. ಮೂರು, ಒಂದೇ ಜಾತಿಯ ಕಣಗಳನ್ನು ಬೇರ್ಪಡಿಸಿ ತೆಗೆದದ್ದು. ಇತ್ತೀಚಿನ ಒಂಟಿಕೋಶ ವಿಧಾನ ಇನ್ನೂ ಮುಂದೆ ಹೋಗಿ ಒಂದೊಂದು ಕೋಶದ ಆರ್‌ಎನ್‌ಎಯನ್ನೂ ಬೇರೆಬೇರೆಯಾಗಿ ಓದುತ್ತದೆ.

ಎರಡನೆಯದರಲ್ಲಿ ನ್ಯೂಟ್ರೋಫಿಲ್ ಬಹುಪಾಲು ಹೊರಗುಳಿಯುತ್ತದೆ ಎಂಬುದನ್ನು ಗಮನಿಸಿ. ಪಿಬಿಎಂಸಿ ಅಧ್ಯಯನ "ನ್ಯೂಟ್ರೋಫಿಲ್ ಜೀನ್‌ಗಳಲ್ಲಿ ಬದಲಾವಣೆ ಕಾಣಲಿಲ್ಲ" ಎಂದರೆ ಅದಕ್ಕೆ ಅರ್ಥವಿಲ್ಲ. ಅವು ಟ್ಯೂಬಿನಲ್ಲೇ ಇರಲಿಲ್ಲವಲ್ಲ!

ಈಗ ಮುಖ್ಯ ಪೆಟ್ಟು. ಸಂತೆಯಲ್ಲಿ ಗದ್ದಲ ಹೆಚ್ಚಾಯಿತೆಂದರೆ ಜನ ಹೆಚ್ಚು ಬಂದಿರಬಹುದು, ಇಲ್ಲವೇ ಇದ್ದವರೇ ಗಟ್ಟಿಯಾಗಿ ಕೂಗುತ್ತಿರಬಹುದು. ಮಿಶ್ರ ರಕ್ತದಲ್ಲಿ ಆರ್‌ಎನ್‌ಎ ಅಳೆದಾಗಲೂ ಹೀಗೇ. ಒಂದು ಲೆಕ್ಕ ಮಾಡಿ ನೋಡೋಣ. ಆರೋಗ್ಯವಾಗಿರುವ ಮಗುವಿನ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಶೇ. 40, ಜ್ವರ ಬಂದಿರುವ ಸಿಸ್ಟಮಿಕ್ ಮಗುವಿನಲ್ಲಿ ಶೇ. 80 ಎಂದಿಟ್ಟುಕೊಳ್ಳಿ. ನ್ಯೂಟ್ರೋಫಿಲ್ ಮಾತ್ರ ಬಳಸುವ ಒಂದು ಜೀನ್ ಇದೆ, ಪ್ರತಿ ಕಣದಲ್ಲೂ ಅದರ ಆರ್‌ಎನ್‌ಎ ಮೊದಲಿನಷ್ಟೇ ಇದೆ. ಆದರೂ ಫಲಿತಾಂಶದ ಪಟ್ಟಿಯಲ್ಲಿ ಆ ಜೀನ್ "2 ಪಟ್ಟು ಏರಿಕೆ" ಎಂದು ಮೂಡುತ್ತದೆ. ಇತ್ತ ಲಿಂಫೋಸೈಟ್‌ಗಳ ಒಂದು ಬಗೆಯಾದ ಟಿ ಕಣಗಳ ಪಾಲು ಶೇ. 45ರಿಂದ ಶೇ. 15ಕ್ಕೆ ಇಳಿದಿದ್ದರೆ ಟಿ ಕಣದ ಜೀನ್‌ಗಳೆಲ್ಲ ಮೂರನೇ ಒಂದಕ್ಕೆ "ಕುಸಿದಿವೆ". ಒಂದು ಕಣವೂ ತನ್ನ ನಡವಳಿಕೆ ಬದಲಿಸಲಿಲ್ಲ, ಪಟ್ಟಿಯಲ್ಲಿ ಮಾತ್ರ ನೂರಾರು ಹೆಸರು! ನಿಜವಾದ ಲೆಕ್ಕ ಇಷ್ಟು ನೇರವಲ್ಲ, ನ್ಯೂಟ್ರೋಫಿಲ್‌ನಲ್ಲಿ ಆರ್‌ಎನ್‌ಎ ಇತರ ಕಣಗಳಿಗಿಂತ ಕಡಿಮೆ. ಆದರೂ ದಿಕ್ಕು ಇದೇ.

ಹಾಗಾಗಿ ವರದಿಯಲ್ಲಿ ರಕ್ತಕಣಗಳ ಎಣಿಕೆಯ ಕೋಷ್ಟಕ ಇದೆಯೇ ಹುಡುಕಿ. ಲೆಕ್ಕಾಚಾರದಲ್ಲಿ ಕಣಗಳ ಪಾಲನ್ನು ಸರಿದೂಗಿಸಿದ್ದಾರೆಯೇ ನೋಡಿ. ಎರಡೂ ಇಲ್ಲದಿದ್ದರೆ ಜೀನ್ ಪಟ್ಟಿಯನ್ನು ಕಣಗಳ ಎಣಿಕೆಯ ವರದಿ ಎಂದೇ ಓದಿಕೊಳ್ಳಿ.

ಹಾಗೆಂದು ಕಣಗಳ ಮಿಶ್ರಣ ಬದಲಾಗುವುದನ್ನು ಬರೀ ಅಡ್ಡಿ ಎಂದು ತಳ್ಳಿಹಾಕುವಂತಿಲ್ಲ, ಕೆಲವೊಮ್ಮೆ ಸುದ್ದಿಯೇ ಅದು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಸಿಸ್ಟಮಿಕ್ ಜೆಐಎ ಬಂದ ಕೆಲವು ಮಕ್ಕಳ ಪಿಬಿಎಂಸಿಯಲ್ಲಿ ಕೆಂಪು ರಕ್ತಕಣಗಳ ತಯಾರಿಕೆಗೆ ಬೇಕಾದ ಜೀನ್‌ಗಳು ಎದ್ದು ಕಂಡವು. ಬಿಳಿ ರಕ್ತಕಣಕ್ಕೂ ಹಿಮೋಗ್ಲೋಬಿನ್‌ಗೂ ಏನು ಸಂಬಂಧ? ಇನ್ನೂ ಬಲಿಯದ ಕೆಂಪು ಕಣಗಳು ಅಸ್ಥಿಮಜ್ಜೆಯಿಂದ ಹೊರಬಿದ್ದು ಆ ಬಿಳಿ ಪದರಕ್ಕೆ ಸೇರಿಕೊಂಡಿದ್ದವು. ಈ ಗುರುತು ಇದ್ದ ಮಕ್ಕಳಿಗೂ ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್ ಎಂಬ ಪ್ರಾಣಾಪಾಯದ ತೊಡಕಿಗೂ ನಂಟು ಕಂಡುಬಂತು. ಟ್ಯೂಬಿನಲ್ಲಿ ಏನಿದೆ ಎಂದು ಕೇಳಿದ್ದರಿಂದಲೇ ಸಿಕ್ಕ ಉತ್ತರ ಅದು.

ಇನ್ನೊಂದು ಸಣ್ಣ ಮಾತು: ಸೂಜಿ ಚುಚ್ಚಿದ ಹೊತ್ತಿನಿಂದ ಆರ್‌ಎನ್‌ಎ ಹಿಡಿದಿಡುವ ತನಕ ಎಷ್ಟು ಸಮಯವಾಯಿತು? ರಕ್ತ ಟ್ಯೂಬಿನಲ್ಲಿ ಕೂತಷ್ಟೂ ಕಣಗಳು ಪ್ರತಿಕ್ರಿಯಿಸುತ್ತಲೇ ಇರುತ್ತವೆ. ಎಫ್‌ಒಎಸ್, ಜೆಯುಎನ್‌ನಂಥ ತುರ್ತು ಜೀನ್‌ಗಳು ಪಟ್ಟಿಯ ತುದಿಯಲ್ಲಿದ್ದರೆ ನನಗೆ ಮೊದಲು ಅನುಮಾನ ಬರುವುದು ಕಾಯಿಲೆಯ ಮೇಲಲ್ಲ, ರಕ್ತವನ್ನು ಬಹಳ ಹೊತ್ತು ಹಾಗೇ ಇಟ್ಟ ಲ್ಯಾಬಿನ ಮೇಲೆ.

ಹೆಜ್ಜೆ 3: ರಕ್ತ ತೆಗೆದ ದಿನ ಮಗು ಹೇಗಿತ್ತು?

ವಯಸ್ಸು ನೋಡಿ. ಹುಟ್ಟಿದ ಕೆಲವು ವಾರಗಳಿಂದ ಸುಮಾರು 4-5 ವರ್ಷದವರೆಗೆ ಮಕ್ಕಳ ರಕ್ತದಲ್ಲಿ ನ್ಯೂಟ್ರೋಫಿಲ್‌ಗಿಂತ ಲಿಂಫೋಸೈಟ್ ಹೆಚ್ಚು, ಆಮೇಲೆ ತಿರುವುಮುರುವು. ಆಲಿಗೋಆರ್ಟಿಕ್ಯುಲರ್ ಬಗೆ ಸಾಮಾನ್ಯವಾಗಿ ಶಾಲೆಗೆ ಸೇರುವ ಮುನ್ನವೇ ಕಾಣಿಸಿಕೊಳ್ಳುತ್ತದೆ. 3 ವರ್ಷದ ರೋಗಿಗಳನ್ನು 12 ವರ್ಷದ ಆರೋಗ್ಯವಂತರ ಜೊತೆ ಹೋಲಿಸಿದರೆ ಕಾಣುವುದರಲ್ಲಿ ಕಾಯಿಲೆ ಎಷ್ಟು, ವಯಸ್ಸು ಎಷ್ಟು?

ಔಷಧ ನೋಡಿ. ಸ್ಟೆರಾಯ್ಡ್ ಕೊಟ್ಟ ಕೆಲವೇ ಗಂಟೆಗಳಲ್ಲಿ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಬರುತ್ತವೆ, ಲಿಂಫೋಸೈಟ್ ಇಳಿಯುತ್ತದೆ. ಎಫ್‌ಕೆಬಿಪಿ5 ಎಂಬ ಜೀನ್ ಸ್ಟೆರಾಯ್ಡ್‌ಗೆ ಚೆನ್ನಾಗಿ ಏರುತ್ತದೆ. ರೋಗಿಗಳ ಪಟ್ಟಿಯಲ್ಲಿ ಅದು ಮೇಲಿದ್ದರೆ ಔಷಧದ ನೆರಳು ಬಿದ್ದಿದೆ ಎಂದೇ ಲೆಕ್ಕ. ಈ ಕಾರಣಕ್ಕೆ ಚಿಕಿತ್ಸೆ ಶುರುವಾಗುವ ಮುನ್ನ ರಕ್ತ ತೆಗೆದ ಅಧ್ಯಯನಗಳಿಗೆ ಬೆಲೆ ಹೆಚ್ಚು.

ಕಾಯಿಲೆಯ ಹಂತವನ್ನೂ ನೋಡಿ. ಔಷಧ ತೆಗೆದುಕೊಳ್ಳುತ್ತಲೇ 6 ತಿಂಗಳು ರೋಗ ಸುಮ್ಮನಿದ್ದರೆ ಔಷಧಸಹಿತ ಶಮನ, ಔಷಧ ನಿಲ್ಲಿಸಿ 12 ತಿಂಗಳು ಸುಮ್ಮನಿದ್ದರೆ ಔಷಧರಹಿತ ಶಮನ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಸಂಶೋಧಕ ಜೇಮ್ಸ್ ಜಾರ್ವಿಸ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನಪಿಡಬೇಕಾದ್ದು: ಔಷಧಸಹಿತ ಶಮನದಲ್ಲಿದ್ದ ಪಾಲಿಆರ್ಟಿಕ್ಯುಲರ್ ಮಕ್ಕಳ ಪಿಬಿಎಂಸಿಯ ಜೀನ್ ಚಟುವಟಿಕೆ ಆರೋಗ್ಯವಂತ ಮಕ್ಕಳಂತೆ ಆಗಿರಲಿಲ್ಲ. ಕೀಲು ಊದಿಲ್ಲ, ನೋವಿಲ್ಲ, ಮಗು ಓಡಾಡುತ್ತಿದೆ, ಆದರೂ ರಕ್ತಕಣಗಳ ಮಟ್ಟದಲ್ಲಿ ಏನೋ ಇನ್ನೂ ತನ್ನ ಜಾಗಕ್ಕೆ ಮರಳಿಲ್ಲ. ಇದೇ ತಂಡ ಅದಕ್ಕೂ ಮುಂಚೆ, 2006ರಲ್ಲಿ, ಈ ಮಕ್ಕಳ ನ್ಯೂಟ್ರೋಫಿಲ್‌ಗಳು ದೀರ್ಘಕಾಲ ಕೆರಳಿದ ಸ್ಥಿತಿಯಲ್ಲಿರುವುದಕ್ಕೆ ಸಾಕ್ಷ್ಯ ಕೊಟ್ಟಿತ್ತು. ಟಿ ಕಣಗಳ ಸುತ್ತಲೇ ಕಥೆ ಕಟ್ಟುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. "ಮಗು ಚೆನ್ನಾಗಿದೆಯಲ್ಲ, ಔಷಧ ಇನ್ನೂ ಯಾಕೆ?" ಎಂದು ಕೇಳುವ ಹೆತ್ತವರಿಗೆ ವೈದ್ಯರು ಆತುರ ಬೇಡ ಎನ್ನುವುದರ ಹಿಂದೆ ಇಂಥ ತಿಳಿವಳಿಕೆಯೂ ಇದೆ.

ಹೆಜ್ಜೆ 4: ಯಾರೊಡನೆ ಹೋಲಿಸಿದರು?

ಆರೋಗ್ಯವಂತರ ಜೊತೆ ಹೋಲಿಸುವುದು ಸುಲಭ, ಆದರೆ ವೈದ್ಯರ ಎದುರಿಗಿರುವ ಕಷ್ಟ ಅದಲ್ಲ. ವಾರಗಟ್ಟಲೆ ಜ್ವರ ಬರುತ್ತಿರುವ ಮಗುವಿಗೆ ಇರುವುದು ಸೋಂಕೋ, ರಕ್ತದ ಕ್ಯಾನ್ಸರೋ, ಸಿಸ್ಟಮಿಕ್ ಜೆಐಎಯೋ ಎಂಬುದು ಕಷ್ಟ. ಹಾಗಾಗಿ ಸೋಂಕಿನಿಂದ ಜ್ವರ ಬಂದ ಮಕ್ಕಳನ್ನೂ ಸೇರಿಸಿಕೊಂಡ ಅಧ್ಯಯನ ಹೆಚ್ಚು ಉಪಯೋಗದ್ದು. ಬರೀ ಉರಿಯೂತಕ್ಕೆ ಏರುವ ಜೀನ್‌ಗಳು ಅಂಥ ಹೋಲಿಕೆಯಲ್ಲಿ ತಾವಾಗಿಯೇ ಉದುರಿಹೋಗುತ್ತವೆ.

ಹೆಜ್ಜೆ 5: ಅಂಕಿಗಳ ಮುಂದೆ ಗಾಬರಿಯಾಗಬೇಡಿ

ಎರಡು ಕಾಲಂ ಸಾಕು. ಒಂದು, ಲಾಗ್2 ಬದಲಾವಣೆ. ಅದರಲ್ಲಿ 1 ಎಂದರೆ 2 ಪಟ್ಟು, 2 ಎಂದರೆ 4 ಪಟ್ಟು, -1 ಎಂದರೆ ಅರ್ಧ. ಎರಡು, ಸರಿಪಡಿಸಿದ ಪಿ ಮೌಲ್ಯ; ಪಿ ಮೌಲ್ಯವೆಂದರೆ ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ. "ಸರಿಪಡಿಸಿದ" ಎಂಬುದನ್ನು ಬಿಡಬೇಡಿ. 20,000 ಜೀನ್‌ಗಳನ್ನು 0.05ರ ಗೆರೆ ಇಟ್ಟು ಒಂದೊಂದಾಗಿ ಪರೀಕ್ಷಿಸಿದರೆ, ಕಾಯಿಲೆಗೂ ಜೀನಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಸುಮಾರು 1,000 ಜೀನ್‌ಗಳು ಗೆರೆ ದಾಟುತ್ತವೆ. ಇದನ್ನು ಹಿಡಿತಕ್ಕೆ ತರಲು ಸಂಖ್ಯಾಶಾಸ್ತ್ರಜ್ಞರಾದ ಬೆಂಜಮಿನಿ, ಹೋಕ್‌ಬರ್ಗ್ 1995ರಲ್ಲಿ ಕೊಟ್ಟ ವಿಧಾನವನ್ನೇ ಇಂದಿಗೂ ಹೆಚ್ಚಾಗಿ ಬಳಸುತ್ತಾರೆ.

ಹೆಜ್ಜೆ 6: ನೀವೇ ಒಮ್ಮೆ ಮುಟ್ಟಿ ನೋಡಿ

ವಿದ್ಯಾರ್ಥಿಗಳಿಗೆ ಈ ಹೆಜ್ಜೆ. ಉಳಿದವರು ದಾಟಿಹೋಗಬಹುದು. ಇಂಥ ಅಧ್ಯಯನಗಳ ಮೂಲ ದತ್ತಾಂಶ ಬಹಳಷ್ಟು ಸಲ ಜಿಇಒ ಎಂಬ ಸಾರ್ವಜನಿಕ ಭಂಡಾರದಲ್ಲಿರುತ್ತದೆ. ಅಮೆರಿಕದ ಎನ್‌ಸಿಬಿಐ ಸಂಸ್ಥೆ ನಡೆಸುವ ಇದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ವರದಿಯಲ್ಲಿ ಜಿಎಸ್‌ಇ ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದನ್ನೇ ಅಲ್ಲಿ ಹುಡುಕಿ. ಪುಟ ತೆರೆದ ಮೇಲೆ ಮೊದಲು ಮಾದರಿಗಳ ವಿವರ ಓದಿ: ಬಗೆ, ವಯಸ್ಸು, ಔಷಧ, ಕಣ. ಆಮೇಲೆ ಅಲ್ಲೇ ಇರುವ ಜಿಇಒ2ಆರ್ ಎಂಬ ಸಾಧನ ತೆರೆದು ಎರಡು ಗುಂಪು ಮಾಡಿ, ಮಾದರಿಗಳನ್ನು ಹಂಚಿ, ವಿಶ್ಲೇಷಣೆಗೆ ಒತ್ತಿ. ಪ್ರೋಗ್ರಾಂ ಬರೆಯುವ ಕೆಲಸವಿಲ್ಲ.

ಪಟ್ಟಿ ಬಂದ ಕೂಡಲೇ ಒಂದು ಪರೀಕ್ಷೆ ಮಾಡಿ. ಎಕ್ಸ್‌ಐಎಸ್‌ಟಿ ಎಂಬ ಜೀನ್ ಹುಡುಗಿಯರ ಕಣಗಳಲ್ಲಿ ಮಾತ್ರ ಜೋರಾಗಿರುತ್ತದೆ. ಆರ್‌ಪಿಎಸ್4ವೈ1 ಇರುವುದು ವೈ ಕ್ರೋಮೋಸೋಮಿನಲ್ಲಿ, ಹಾಗಾಗಿ ಅದು ಹುಡುಗರದು. ಆಲಿಗೋಆರ್ಟಿಕ್ಯುಲರ್ ಬಗೆ ಹುಡುಗಿಯರಲ್ಲಿ ಹೆಚ್ಚು, ಎಂಥೆಸೈಟಿಸ್ ಬಗೆ ಹುಡುಗರಲ್ಲಿ ಹೆಚ್ಚು. ಈ ಎರಡು ಜೀನ್‌ಗಳು ನಿಮ್ಮ ಪಟ್ಟಿಯ ತುದಿಯಲ್ಲಿ ಕೂತಿದ್ದರೆ ಸಂಧಿವಾತದ ಜೀನ್ ಸಿಕ್ಕಿತು ಎಂದು ಹಿಗ್ಗಬೇಡಿ, ಗುಂಪುಗಳಲ್ಲಿ ಹುಡುಗ-ಹುಡುಗಿಯರ ಲೆಕ್ಕ ತಪ್ಪಿದೆ. "ಹುಡುಗ" ಎಂದು ಬರೆದ ಮಾದರಿಯಲ್ಲಿ ಎಕ್ಸ್‌ಐಎಸ್‌ಟಿ ಉರಿಯುತ್ತಿದ್ದರೆ ಟ್ಯೂಬಿನ ಚೀಟಿಯೇ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಮುಂದೆ ಎಷ್ಟೇ ದೊಡ್ಡ ವಿಶ್ಲೇಷಣೆ ಕಲಿತರೂ ಈ ಎರಡು ನಿಮಿಷದ ಪರೀಕ್ಷೆಯನ್ನು ಬಿಡಬೇಡಿ.

ಹೆಜ್ಜೆ 7: ಪಟ್ಟಿಯಿಂದಾಚೆಗೆ ಹೋದರೇ?

ಜೀನ್ ಪಟ್ಟಿ ಒಂದು ಸುಳಿವು, ಅಷ್ಟೇ. ಅದನ್ನು ಹಿಡಿದು ಮುಂದಿನ ಪ್ರಯೋಗ ಮಾಡಿದವರ ಕೆಲಸ ನಿಲ್ಲುತ್ತದೆ. ಇದಕ್ಕೆ ನನಗೆ ತೀರ ಇಷ್ಟವಾದ ಉದಾಹರಣೆ ವರ್ಜೀನಿಯಾ ಪಾಸ್ಕ್ವಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ್ದು. ಅವರು ಸಿಸ್ಟಮಿಕ್ ಜೆಐಎ ಮಕ್ಕಳ ಸೀರಮ್ ತೆಗೆದು ಆರೋಗ್ಯವಂತರ ಪಿಬಿಎಂಸಿಗೆ ಹಾಕಿದರು. ಆರೋಗ್ಯವಂತರ ಆ ಕಣಗಳಲ್ಲಿ ಜನ್ಮಜಾತ ರಕ್ಷಣೆಯ ಜೀನ್‌ಗಳು ಎದ್ದವು, ಅವುಗಳಲ್ಲಿ ಉರಿಯೂತ ಕೆರಳಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನಿನ ಜೀನ್ ಕೂಡ ಇತ್ತು. ಅಂದರೆ ಕಣಗಳನ್ನು ಕೆರಳಿಸುವ ವಸ್ತು ರೋಗಿಯ ರಕ್ತದ ದ್ರವಭಾಗದಲ್ಲೇ ಇತ್ತು. ಇಲ್ಲಿ ಕಣಗಳ ಮಿಶ್ರಣದ ತಕರಾರು ಏಳುವುದಿಲ್ಲ, ಏಕೆಂದರೆ ಕಣಗಳು ಅವೇ, ಬದಲಾದದ್ದು ಸೀರಮ್ ಮಾತ್ರ. ಮುಂದೆ, ಬೇರೆ ಚಿಕಿತ್ಸೆಗೆ ಬಗ್ಗದ 9 ರೋಗಿಗಳಿಗೆ ಇಂಟರ್‌ಲ್ಯೂಕಿನ್-1 ತಡೆಯುವ ಅನಾಕಿನ್ರಾ ಕೊಟ್ಟಾಗ 7 ಮಂದಿಯಲ್ಲಿ ಕಾಯಿಲೆ ಪೂರ್ತಿ ಶಮನವಾಯಿತು, ಉಳಿದ ಇಬ್ಬರಿಗೆ ಭಾಗಶಃ ಗುಣ ಕಂಡಿತು. 9 ಸಣ್ಣ ಸಂಖ್ಯೆ, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಆದರೂ ದಾರಿ ಸರಿಯಿತ್ತು: 2012ರಲ್ಲಿ ಇಂಟರ್‌ಲ್ಯೂಕಿನ್-1 ತಡೆಯುವ ಕೆನಕಿನುಮ್ಯಾಬ್, ಇಂಟರ್‌ಲ್ಯೂಕಿನ್-6 ದಾರಿ ತಡೆಯುವ ಟೋಸಿಲಿಜುಮ್ಯಾಬ್ ಎರಡರ ದೊಡ್ಡ ಪ್ರಯೋಗಗಳ ಫಲಿತಾಂಶ ಸಿಸ್ಟಮಿಕ್ ಬಗೆಯಲ್ಲಿ ಪ್ರಕಟವಾಯಿತು.

ಪ್ರತಿ ವರದಿಗೂ ಇಷ್ಟು ದೂರ ಹೋಗಲು ಆಗದು. ಕನಿಷ್ಠ ಪಕ್ಷ, ಮೊದಲ ಗುಂಪಿನಲ್ಲಿ ಕಂಡದ್ದನ್ನು ಬೇರೆಯದೇ ಮಕ್ಕಳ ಗುಂಪಿನಲ್ಲಿ ಮತ್ತೆ ನೋಡಿದರೇ ಎಂದು ಕೇಳಿ. ಅದೇ ಮಕ್ಕಳ ಮೇಲೆ ಸೂತ್ರ ಕಟ್ಟಿ, ಅದೇ ಮಕ್ಕಳ ಮೇಲೆ ಪರೀಕ್ಷಿಸಿ, ಬಹುತೇಕ ಎಲ್ಲರನ್ನೂ ಸರಿಯಾಗಿ ಗುರುತಿಸಿತು ಎಂದರೆ ಅದು ಪ್ರಶ್ನೆಪತ್ರಿಕೆ ಮೊದಲೇ ನೋಡಿದ ಫಲಿತಾಂಶ.

ಹೆಜ್ಜೆ 8: ನಿಮ್ಮ ಮಗುವಿಗೆ ಇದರಿಂದ ಏನು?

ಜೆಐಎ ಪತ್ತೆಗೆ ವೈದ್ಯರು ನೆಚ್ಚಿಕೊಳ್ಳುವುದು ಕೀಲು ಮುಟ್ಟಿ ನೋಡುವುದು, ಕಾಯಿಲೆಯ ಇತಿಹಾಸ, ಸಾಮಾನ್ಯ ರಕ್ತ ಪರೀಕ್ಷೆ, ಸ್ಕ್ಯಾನ್‌ಗಳನ್ನೇ. ಬಿಳಿ ರಕ್ತಕಣಗಳ ಜೀನ್ ಚಟುವಟಿಕೆ ಬಹುಮಟ್ಟಿಗೆ ಸಂಶೋಧನೆಯ ಸರಕು. ಚಿಕಿತ್ಸೆಗೆ ಹತ್ತಿರ ಬಂದಿರುವುದು ಇದೇ ಕಣಗಳು ತಯಾರಿಸುವ ಕೆಲವು ಪ್ರೋಟೀನ್‌ಗಳು. ನ್ಯೂಟ್ರೋಫಿಲ್, ಮೋನೋಸೈಟ್‌ಗಳು ಹೊರಬಿಡುವ ಎಸ್100ಎ8, ಎಸ್100ಎ9 ಜೋಡಿಯನ್ನು ಸೀರಮ್‌ನಲ್ಲಿ ಅಳೆಯಬಹುದು. 2010ರಲ್ಲಿ ಪ್ರಕಟವಾದ, ಮೆಥೋಟ್ರೆಕ್ಸೇಟ್ ಎಂಬ ಜೆಐಎ ಔಷಧ ನಿಲ್ಲಿಸುವ ಪ್ರಯೋಗದಲ್ಲಿ, ಶಮನದ ನಂತರ ಔಷಧವನ್ನು 6 ತಿಂಗಳ ಬದಲು 12 ತಿಂಗಳು ಮುಂದುವರಿಸಿದರೂ ಕಾಯಿಲೆ ಮರುಕಳಿಸುವುದು ಕಡಿಮೆಯಾಗಲಿಲ್ಲ. ಆದರೆ ಈ ಪ್ರೋಟೀನ್ ಮಟ್ಟ ಹೆಚ್ಚಿದ್ದವರಲ್ಲಿ ಮರುಕಳಿಕೆ ಹೆಚ್ಚಿತ್ತು.

ಒಂದು ವರದಿ ಓದಿ ಔಷಧ ನಿಲ್ಲಿಸುವುದು, ಹೆಚ್ಚಿಸುವುದು ಬೇಡ. ಕಣ್ಣಿನ ತಪಾಸಣೆಯನ್ನಂತೂ ತಪ್ಪಿಸಲೇಬೇಡಿ. ಆಲಿಗೋಆರ್ಟಿಕ್ಯುಲರ್ ಬಗೆಯಲ್ಲಿ, ಅದರಲ್ಲೂ ಎಎನ್ಎ (ತನ್ನದೇ ಕೋಶಕೇಂದ್ರದ ವಿರುದ್ಧದ ಪ್ರತಿಕಾಯ) ರಕ್ತ ಪರೀಕ್ಷೆ ಪಾಸಿಟಿವ್ ಇರುವ ಮಕ್ಕಳಲ್ಲಿ, ಕಣ್ಣು ಕೆಂಪಾಗದೆ, ನೋಯದೆ ಒಳಗೇ ಉರಿಯೂತ ಬರುತ್ತದೆ. ಅದನ್ನು ಹಿಡಿಯುವುದು ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪ್ ಎಂಬ ಉಪಕರಣ, ಜೀನ್ ಪಟ್ಟಿಯಲ್ಲ. ರಕ್ತವೂ ಕೀಲೂ ಒಂದೇ ಅಲ್ಲ ಎಂಬುದೂ ನೆನಪಿರಲಿ. ಊದಿದ ಮಂಡಿಯ ದ್ರವದಲ್ಲಿ ಸಿಗುವ ಟಿ ಕಣಗಳ ನಡವಳಿಕೆ ಅದೇ ಮಗುವಿನ ರಕ್ತದ ಟಿ ಕಣಗಳಿಗಿಂತ ಬಹಳ ಬೇರೆ.

ಸಂಶೋಧನೆಗೆ ನಿಮ್ಮ ಮಗುವಿನ ರಕ್ತ ಕೇಳಿದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ನಾಲ್ಕು ವಿಷಯ ಕೇಳಿಕೊಳ್ಳಿ. ಚಿಕಿತ್ಸೆಗೆಂದು ಹೇಗೂ ರಕ್ತ ತೆಗೆಯುವಾಗಲೇ ಇದಕ್ಕೂ ತೆಗೆಯುತ್ತಾರೋ, ಇನ್ನೊಮ್ಮೆ ಚುಚ್ಚಬೇಕೋ? ಔಷಧ ಶುರು ಮಾಡುವ ಮುನ್ನ ಮಾದರಿ ಬೇಕು ಎಂಬ ಕಾರಣಕ್ಕೆ ಚಿಕಿತ್ಸೆ ತಡವಾಗುವುದಿಲ್ಲ ತಾನೇ? ಮಧ್ಯದಲ್ಲಿ ಬೇಡವೆನಿಸಿದರೆ ಹಿಂದೆ ಸರಿಯಬಹುದೇ, ಆಗ ಉಳಿದ ಮಾದರಿಯನ್ನು ಏನು ಮಾಡುತ್ತಾರೆ? ನಾಲ್ಕನೆಯದನ್ನು ಕೇಳುವವರು ಕಡಿಮೆ. ಆರ್‌ಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿದ ಮೂಲ ಕಡತದಲ್ಲಿ ಮಗುವಿನ ಡಿಎನ್‌ಎ ವ್ಯತ್ಯಾಸಗಳೂ ಅಡಗಿರುತ್ತವೆ. ಆ ಕಡತ ಎಲ್ಲರಿಗೂ ತೆರೆದ ಭಂಡಾರಕ್ಕೆ ಹೋಗುತ್ತದೋ, ಅನುಮತಿ ಪಡೆದವರಿಗೆ ಮಾತ್ರ ಸಿಗುವ ಕಡೆ ಇಡುತ್ತಾರೋ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.